ಹೊಲದಾಗ ಮನಿ, ಬಾಜೂಕ ಗ್ಯಾರೇಜು: ಎಸ್ಟಿಮೇಟಿನಲ್ಲಿ ಬರದ ಖರ್ಚುಗಳು

ಹಳ್ಳಿಯಲ್ಲಿ ಮನೆ ಕಟ್ಟುವವರಿಗೆ ಗುತ್ತಿಗೆದಾರರು ಕೊಡುವುದು ಒಂದೇ ಲೆಕ್ಕ: ಚದರ ಅಡಿಗೆ ಇಷ್ಟು. ಆ ಲೆಕ್ಕ ಶುರುವಾಗುವುದು ನೆಲದ ಮೇಲಿಂದ, ಮುಗಿಯುವುದು ಗೋಡೆಯ ಒಳಗೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎರೆ (ಕಪ್ಪು ಮಣ್ಣಿನ) ಸೀಮೆಯಲ್ಲಿ ದುಡ್ಡು ನುಂಗುವ ಜಾಗಗಳೆಲ್ಲ ಇದರ ಹೊರಗಿವೆ: ಪಾಯದ ಕೆಳಗೆ, ರಸ್ತೆಗೂ ಹೊಲಕ್ಕೂ ನಡುವೆ, ಕಂಬಕ್ಕೂ ಮೀಟರಿಗೂ ನಡುವೆ. ಮನೆಯ ಬಾಜೂ ಟ್ರ್ಯಾಕ್ಟರ್ ರಿಪೇರಿಗೋ ವೆಲ್ಡಿಂಗಿಗೋ ಒಂದು ಗ್ಯಾರೇಜು ಸೇರಿಸಿದರೆ ಈ ಹೊರಗಿನ ಖರ್ಚು ಇನ್ನಷ್ಟು ಹಿಗ್ಗುತ್ತದೆ.

ಲೆಕ್ಕ ತೋರಿಸಲು ಒಂದು ಅಳತೆ ಹಿಡಿದಿದ್ದೇವೆ: 30×40 ಅಡಿಯ ಮನೆ, ಪಕ್ಕದಲ್ಲಿ 20×30 ಅಡಿಯ ತಗಡಿನ ಗ್ಯಾರೇಜು. ದರ ತಾಲ್ಲೂಕಿಗೊಂದು, ತಿಂಗಳಿಗೊಂದು. ಆದ್ದರಿಂದ ಇಲ್ಲಿ ಪ್ರಮಾಣ ಮಾತ್ರ ಕೊಟ್ಟಿದ್ದೇವೆ. ನಿಮ್ಮೂರಿನ ಬ್ರಾಸ್ ದರ, ಚೀಲದ ದರ, ಟ್ಯಾಂಕರ್ ದರ ಹಾಕಿ ಗುಣಿಸಿಕೊಳ್ಳಿ. ಒಂದು ಬ್ರಾಸ್ ಅಂದರೆ 100 ಘನ ಅಡಿ, 2.83 ಘನ ಮೀಟರ್.

1. ಉತಾರ (ಜಾಗದ ದಾಖಲೆ) ತೆಗೆಸಿ, ಆಮೇಲೆ ಪ್ಲಾನ್ ಬರೆಸಿ

ಕೃಷಿ ಜಮೀನಿನಲ್ಲಿ ರೈತ ತನ್ನ ವಾಸಕ್ಕೆ ಫಾರ್ಮ್ ಹೌಸ್ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇ 10ರಷ್ಟು ಜಾಗ ಮೀರಬಾರದು. ತೊಡಕು ಇರುವುದು ಗ್ಯಾರೇಜಿನಲ್ಲಿ. ನಿಮ್ಮದೇ ಟ್ರ್ಯಾಕ್ಟರ್, ರೂಟರ್ (ರೋಟವೇಟರ್) ನಿಲ್ಲಿಸಿ ರಿಪೇರಿ ಮಾಡಿಕೊಂಡರೆ ಅದು ಕೃಷಿಗೆ ಸೇರಿದ ಕಟ್ಟಡ. ಊರವರ ಗಾಡಿ ತಂದು ರೊಕ್ಕ ತೆಗೆದುಕೊಂಡು ಕೆಲಸ ಶುರು ಮಾಡಿದಿರೋ, ಅದು ವ್ಯಾಪಾರ. ಆಗ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಲೇಬೇಕು. ಹೊಲದ ಒಂದು ಭಾಗಕ್ಕಷ್ಟೇ ಎನ್‌ಎ ಬೇಕಿದ್ದರೆ ಮೊದಲು ಆ ಭಾಗವನ್ನು ಬೇರ್ಪಡಿಸಿ ತೋರಿಸುವ 11ಇ ಸರ್ವೆ ನಕ್ಷೆ ಆಗಬೇಕು. ಸರ್ವೆಯರ್ ಪಾಳಿ ಬರುವತನಕ ಕಾಯುವ ತಿಂಗಳುಗಳನ್ನೂ ಖರ್ಚು ಅಂತಲೇ ಬರೆದುಕೊಳ್ಳಿ. ಬ್ಯಾಂಕ್ ಸಾಲ ಬೇಕಿದ್ದವರಿಗೆ ಈ ಕಾಗದ ಮೊದಲ ದಿನವೇ ಬೇಕು.

ಗಾಂವಠಾಣದೊಳಗಿನ (ಊರಿನ ವಸತಿ ಎಲ್ಲೆಯೊಳಗಿನ) ಜಾಗವಾದರೆ ಪಂಚಾಯಿತಿಯಿಂದ ಇ-ಸ್ವತ್ತು ಉತಾರ ತೆಗೆಸಿ ಅಳತೆ ತಾಳೆ ನೋಡಿ. ಕಾಗದದಲ್ಲಿ 30×40 ಇದ್ದು ಸ್ಥಳದಲ್ಲಿ 28×38 ಇರುವುದು ಅಪರೂಪವಲ್ಲ.

ಕಟ್ಟಡದ ಒಟ್ಟು ವೆಚ್ಚ ಕಾನೂನಿನ ಮಿತಿ (ಸ್ವಂತ ವಾಸದ ಮನೆಗೆ 2025ರ ನವೆಂಬರ್ ತನಕ ಇದು 10 ಲಕ್ಷ ರೂಪಾಯಿ ಇತ್ತು) ದಾಟಿದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1 ಕಟ್ಟಬೇಕಾಗುತ್ತದೆ. ಇದನ್ನು ಎಸ್ಟಿಮೇಟಿನಲ್ಲಿ ಬರೆದವರನ್ನು ಹುಡುಕಬೇಕು.

ಕೃಷ್ಣಾ, ಘಟಪ್ರಭಾ ಹಿನ್ನೀರಿನ ಅಂಚಿನ ಊರಿನವರಿಗೆ ಇನ್ನೊಂದು ಕೆಲಸವಿದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ನಿಮ್ಮ ಸರ್ವೆ ನಂಬರು ಇದೆಯೋ ಇಲ್ಲವೋ ಎಂದು ಭೂಸ್ವಾಧೀನ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಅಧಿಸೂಚನೆ ಬಂದ ಜಮೀನಿನಲ್ಲಿ ಆಮೇಲೆ ಕಟ್ಟಿದ ಮನೆಗೆ ಪರಿಹಾರ ಕೇಳುವುದು ಕಲ್ಲಿಗೆ ನೀರು ಹೊಯ್ದಂತೆ.

2. ಪ್ಲಾನಿಗಿಂತ ಮೊದಲು ಗುಂಡಿ ತೋಡಿ

ವಿಜಯಪುರದ ಡೋಣಿ ಹೊಳೆಯ ಸೀಮೆ ಬಗ್ಗೆ ಡೋಣಿ ಬೆಳೆದರೆ ಓಣೆಲ್ಲಾ ಜೋಳ ಅನ್ನುತ್ತಾರಲ್ಲ, ಆ ಜೋಳ ಬೆಳೆಯುವ ಮಣ್ಣೇ ಗೋಡೆಗೆ ವೈರಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವಂಥ ನೆಲದ ಮೇಲೆ ನಾಲ್ಕಡಿ ಪಾಯದ ಮನೆ ನಿಂತರೆ ಗೋಡೆಯೂ ಅದೇ ರೀತಿ ಬಿರಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ.

ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಜೆಸಿಬಿ ಕರೆಸಿ ಮೂರು ಗುಂಡಿ ತೆಗೆಸಿ: ಮನೆಯ ಎದುರುಬದುರು ಮೂಲೆಗಳಲ್ಲಿ ಎರಡು, ಗ್ಯಾರೇಜಿನ ಜಾಗದಲ್ಲಿ ಒಂದು. ಹತ್ತು ಅಡಿ, ಇಲ್ಲವೆ ಗರಸು (ಮೊರಂ) ಇಲ್ಲವೆ ಬಂಡೆ ಹತ್ತುವ ತನಕ. ಗುಂಡಿಯೊಳಗೆ ಇಳಿಯಬೇಡಿ, ಎರೆಯ ಗೋಡೆ ಹೇಳದೆ ಕುಸಿಯುತ್ತದೆ. ಮೇಲಿಂದ ಟೇಪು ಬಿಟ್ಟು ಪ್ರತಿ ಪದರ ಎಷ್ಟು ಅಡಿಗೆ ಬದಲಾಯಿತು ಎಂದು ಬರೆದುಕೊಳ್ಳಿ. ಬಕೆಟ್ಟಿನಲ್ಲಿ ಬಂದ ಮಣ್ಣು ನೋಡಿದರೂ ಗೊತ್ತಾಗುತ್ತದೆ: ಎರೆ ಹೆಂಟೆಯಾಗಿ ಹೊಳೆಯುತ್ತದೆ, ಗರಸು ಪುಡಿಪುಡಿಯಾಗಿ ಉದುರುತ್ತದೆ. ನಡುವೆ ಸಿಗುವ ಬಿಳಿ ಸುಣ್ಣಕಲ್ಲಿನ ಹರಳು ತುಂಬಿದ ಪದರವನ್ನು ಗಟ್ಟಿ ನೆಲ ಅಂತ ನಂಬಬೇಡಿ. ಅದರ ಕೆಳಗೆ ಮತ್ತೆ ಎರೆ ಇರಬಹುದು. «ಸಾಕ್ ಬಿಡ್ರಿ ಮಾಲಕ್ರ, ಗಟ್ಟಿ ಹತ್ತೈತಿ» ಅಂತ ಗೌಂಡಿ ಹೇಳುವುದು ಹೆಚ್ಚಾಗಿ ಈ ಪದರದ ಮೇಲೆ ನಿಂತೇ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಐದು ಅಡಿ ಆಳದ ಮಣ್ಣನ್ನು ತಗಡಿನ ಮೇಲೆ ಎರಡು ದಿನ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ. ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಹಿಡಿಯಿರಿ. 100 ಮಿ.ಲೀ. ಗುರುತಿನ ಎರಡು ಗಾಜಿನ ಕೊಳವೆಗೆ ತಲಾ 10 ಗ್ರಾಂ ಹಾಕಿ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಡ್ಡಿಯಿಂದ ಕಲಕಿ 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದೇ ಹೋಲಿಕೆಗೆ ಆಧಾರ. ಅಲ್ಲಿ ಮಣ್ಣು 10 ಮಿ.ಲೀ. ಗುರುತಿಗೆ ನಿಂತು, ನೀರಿನಲ್ಲಿ 18ಕ್ಕೆ ಏರಿದ್ದರೆ ಉಬ್ಬು ಶೇ 80. ಶೇ 50ರ ಒಳಗಿದ್ದರೆ ಚಿಂತೆ ಕಡಿಮೆ. 50ರಿಂದ 100 ಇದ್ದರೆ ಎಂಜಿನಿಯರ್ ಇಲ್ಲದೆ ಪಾಯ ಹಾಕಬೇಡಿ. 100 ದಾಟಿದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿಗೆ ಮಣ್ಣು ಕೊಟ್ಟು ವರದಿ ತೆಗೆದುಕೊಳ್ಳಿ. ಜೆಸಿಬಿಯ ಎರಡು ಮೂರು ತಾಸಿನ ಬಾಡಿಗೆ, ಲ್ಯಾಬಿನ ಶುಲ್ಕ ಎರಡೂ ಸೇರಿ ಮುಂದೆ ಗೋಡೆ ಹೊಲಿಯುವ ಖರ್ಚಿನ ಮುಂದೆ ಏನೂ ಅಲ್ಲ.

ಹಳೆಯ ಊರೊಳಗಿನ ಜಾಗಕ್ಕೆ ಬೇರೆಯೇ ಗಂಡಾಂತರ: ಹಗೇವು, ಅಂದರೆ ಕಾಳು ಇಡುವ ನೆಲಮಾಳಿಗೆಯಂಥ ಗುಂಡಿ. ಅಜ್ಜಂದಿರ ಕಾಲದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದ ಹಗೇವು ಮೇಲೆ ಏನೂ ಕಾಣುವುದಿಲ್ಲ. ಕಾಲಂ ಗುಂಡಿ ತೋಡುವಾಗ ನೆಲ ಪೊಳ್ಳು ಸದ್ದು ಕೊಡುತ್ತದೆ, ಇಲ್ಲವೆ ಜೆಸಿಬಿಯ ಗಾಲಿಯೇ ಇಳಿಯುತ್ತದೆ. ಓಣಿಯ ಹಿರಿಯರನ್ನು ಮೊದಲೇ ಕೇಳಿ. ಸಿಕ್ಕ ಹಗೇವಿಗೆ ಮಣ್ಣು ಸುರಿದು ಮುಚ್ಚಿದರೆ ಎರಡು ಮಳೆಗಾಲದಲ್ಲಿ ಕುಸಿಯುತ್ತದೆ. ಒಳಗಿನ ಕಸ, ಕೊಳೆತ ಹುಲ್ಲು ತೆಗೆದು ತೆಳು ಕಾಂಕ್ರೀಟಿನಿಂದಲೋ ಅರ್ಧ ಅರ್ಧ ಅಡಿ ಬಡಿದ ಗರಸಿನಿಂದಲೋ ತುಂಬಿ. ಮುಚ್ಚಿದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆರೆದ ತಕ್ಷಣ ಆಳನ್ನು ಇಳಿಸಬೇಡಿ.

ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ಉಬ್ಬುವ ಕಾಟ ಇಲ್ಲ. ಅಲ್ಲಿ ಮಳೆ, ಕಟ್ಟಿಗೆಗೆ ಗೆದ್ದಲು ಎರಡೇ ಲೆಕ್ಕ.

3. ಪಾಯ ನಾಲ್ಕಡಿ ಹೆಚ್ಚಿಗೆ ಇಳಿದರೆ ಏನು ಬೆಳೆಯುತ್ತದೆ

ಎಸ್ಟಿಮೇಟಿನಲ್ಲಿ ಐದು ಅಡಿ ಬರೆದಿದೆ, ಗರಸು ಸಿಕ್ಕಿದ್ದು ಒಂಬತ್ತಕ್ಕೆ ಅಂದುಕೊಳ್ಳಿ. ಮನೆಗೆ 12, ಗ್ಯಾರೇಜಿಗೆ 8, ಒಟ್ಟು 20 ಕಾಲಂ. ಪ್ರತಿ ಗುಂಡಿ 5×5 ಅಡಿ. ಹೆಚ್ಚುವರಿ ನಾಲ್ಕಡಿಗೆ:

- ಅಗೆತ: ಗುಂಡಿಗೆ 1 ಬ್ರಾಸ್, ಒಟ್ಟು 20 ಬ್ರಾಸ್
- 9×15 ಇಂಚಿನ ಕಾಲಮ್ಮಿನ ಕಾಂಕ್ರೀಟ್: ಒಟ್ಟು ಸುಮಾರು 2 ಘನ ಮೀಟರ್, ಅಂದರೆ 16 ಚೀಲ ಸಿಮೆಂಟ್
- 16 ಮಿ.ಮೀ.ನ ಆರು ಸಳಿ (ಕಬ್ಬಿಣದ ಸರಳು), 8 ಮಿ.ಮೀ. ರಿಂಗು ಸೇರಿ ಕಾಲಮ್ಮಿಗೆ 15 ಕೆ.ಜಿ., ಒಟ್ಟು 300 ಕೆ.ಜಿ.
- ಗುಂಡಿ ತುಂಬಲು ಗರಸು: ಬಡಿದ ಮೇಲೆ 20 ಬ್ರಾಸ್, ತರಿಸಬೇಕಾದ್ದು 25

ಕೊನೆಯ ಸಾಲಿನಲ್ಲೇ ಎಲ್ಲರೂ ಸಿಕ್ಕಿಬೀಳುವುದು. ತೆಗೆದ ಎರೆಮಣ್ಣನ್ನೇ ಮತ್ತೆ ಗುಂಡಿಗೆ ದೂಡಿದರೆ ಆಳಕ್ಕೆ ಇಳಿದದ್ದೆಲ್ಲ ದಂಡ. ಮಳೆಗಾಲದಲ್ಲಿ ಅದು ಉಬ್ಬಿ ಬೀಮನ್ನು ಕೆಳಗಿನಿಂದ ಎತ್ತುತ್ತದೆ. ಎರೆ ಹೊಲಕ್ಕೆ, ಗರಸು ಗುಂಡಿಗೆ. ಪ್ಲಿಂತ್ ಬೀಮಿನ ಅಡಿಗೂ ನೆಲಕ್ಕೂ ನಡುವೆ ಮೂರು ಇಂಚು ಪೊಳ್ಳು ಬಿಡಿಸಿ, ಮಣ್ಣು ಉಬ್ಬಿದರೂ ಬೀಮು ಮುಟ್ಟಬಾರದು.

ಹತ್ತು ಹನ್ನೆರಡು ಅಡಿಗೂ ಗರಸು ಸಿಗದ ಡೋಣಿ ಪಾತ್ರದಂಥ ಕಡೆ ಅಂಡರ್‌ರೀಮ್ಡ್ ಪೈಲ್ ಅಗ್ಗ ಬೀಳುತ್ತದೆ. ಕೊಳವೆಯಂಥ ರಂಧ್ರ ಕೊರೆದು ಬುಡದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟ್ ತುಂಬುವುದು. ಆಳ ಕನಿಷ್ಠ 3.5 ಮೀಟರ್. ಕೊರೆಯುವ ಯಂತ್ರ ಊರಿಗೆ ಬರುವುದಕ್ಕೇ ಒಂದು ಬಾಡಿಗೆ ಇರುತ್ತದೆ. ಮನೆ ಈಗ, ಗ್ಯಾರೇಜು ಮುಂದಿನ ವರ್ಷ ಎಂದರೂ ಎರಡರ ಪೈಲನ್ನೂ ಒಂದೇ ಸಲ ಮುಗಿಸಿ.

ಗಟ್ಟಿ ಬಂಡೆ ಎರಡೇ ಅಡಿಗೆ ಹತ್ತುವುದೂ ಈ ಭಾಗದಲ್ಲಿ ಇದೆ. ಪಾಯಕ್ಕೆ ಅದು ಹಬ್ಬ, ಆದರೆ ಸೆಪ್ಟಿಕ್ ಟ್ಯಾಂಕಿಗೆ, ಗ್ಯಾರೇಜಿನ ಪಿಟ್ಟಿಗೆ (ಗಾಡಿಯ ಕೆಳಗೆ ನಿಂತು ರಿಪೇರಿ ಮಾಡುವ ಗುಂಡಿಗೆ) ಬ್ರೇಕರ್ ಹಚ್ಚಬೇಕು. ಬ್ರೇಕರಿನ ತಾಸಿನ ದರ ಬಕೆಟ್ಟಿನದಕ್ಕಿಂತ ಹೆಚ್ಚು, ಕೆಲಸ ಸಾಗುವುದು ನಿಧಾನ.

ಇನ್ನು ಭರಾವ, ಅಂದರೆ ನೆಲ ಎತ್ತರಿಸಲು ತುಂಬುವ ಗರಸು. ಮನೆಯ ಪ್ಲಿಂತ್ ಮೂರು ಅಡಿ ಎತ್ತರಿಸಿದರೆ ಒಳಗೆ 36 ಬ್ರಾಸ್ ಗರಸು ಬಡಿದು ಕೂರಬೇಕು, ತರಿಸುವುದು 45. ಗ್ಯಾರೇಜಿಗೆ ಒಂದೂವರೆ ಅಡಿ ಎಂದರೆ 9, ತರಿಸುವುದು 11. ಎಷ್ಟೋ ಕರಾರಿನಲ್ಲಿ ಈ 56 ಬ್ರಾಸು «ಮಾಲಕರ ಬಾಬ್ತು» ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತದೆ. ಓದಿ ಸಹಿ ಮಾಡಿ.

4. ಟಿಪ್ಪರ್ ಒಳಗೆ ಬರುವ ದಾರಿ

ಎರೆ ಹೊಲಕ್ಕೆ ಒಂದು ಮಳೆ ಬಿದ್ದರೆ ಟಿಪ್ಪರ್ ರಸ್ತೆಯ ಮೇಲೇ ನಿಲ್ಲುತ್ತದೆ. ಖಡಿ, ಉಸುಕು ಅಲ್ಲೇ ಸುರಿದು, ಅಲ್ಲಿಂದ ಟ್ರ್ಯಾಲಿಯಲ್ಲಿ ಎರಡನೇ ಸಾಗಾಣಿಕೆ. ಸುರಿದಲ್ಲಿ ಮಣ್ಣಿಗೆ ಕೂಡಿದ್ದು ಹೋಯಿತು, ರಾತ್ರಿ ಹೋದದ್ದು ಬೇರೆ. ಆದ್ದರಿಂದ ದಾರಿ ಮೊದಲು.

100 ಮೀಟರ್ ಉದ್ದ, 3.5 ಮೀಟರ್ ಅಗಲ, ಬಡಿದ ಮೇಲೆ ಒಂದು ಅಡಿ ದಪ್ಪ ಗರಸಿನ ದಾರಿಗೆ ಸುಮಾರು 105 ಘನ ಮೀಟರ್ ಬೇಕು. ಸಡಿಲ ಗರಸು ಕಾಲುಪಾಲು ಹೆಚ್ಚು ಹಿಡಿದರೆ 130 ಘನ ಮೀಟರ್, 46 ಬ್ರಾಸ್. ರಸ್ತೆ ಬದಿಯ ಗಟಾರಿಗೆ ಎರಡು ಅಡಿ ವ್ಯಾಸದ ಸಿಮೆಂಟ್ ಪೈಪು ಹಾಕದೆ ಮಣ್ಣು ತುಂಬಿ ದಾಟಿದರೆ ಮೊದಲ ಮಳೆಗೆ ದಾರಿ ಕೊಚ್ಚುತ್ತದೆ, ಪಕ್ಕದ ಹೊಲದವರ ಜಗಳವೂ ಬರುತ್ತದೆ. ರಾಜ್ಯ ಹೆದ್ದಾರಿಯಿಂದ ದಾರಿ ತೆಗೆಯುವುದಾದರೆ ಲೋಕೋಪಯೋಗಿ ಇಲಾಖೆಯ ಅನುಮತಿ ಬೇಕು. ದಾರಿ ಬೇರೆಯವರ ಹೊಲ ಹಾಯ್ದು ಬರುತ್ತಿದ್ದರೆ ಬಾಯಿಮಾತು ನೆಚ್ಚಬೇಡಿ. ಅಣ್ಣ ತಮ್ಮಂದಿರ ಹೊಲವಾದರಂತೂ ಕಾಗದ ಮಾಡಿಯೇ ಬಿಡಿ.

5. ನೀರು

ಬೋರಿನ ನೀರು ಸವಳು ಇರುವ ಕಡೆ ಅದನ್ನು ಸಿಮೆಂಟಿಗೆ ಹಾಕುವ ಮೊದಲು ಒಂದು ಬಾಟಲಿ ಪರೀಕ್ಷೆಗೆ ಕೊಡಿ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು. ಮೀರಿದ ನೀರಿನಿಂದ ಕಟ್ಟಿದ್ದು ಮೊದಲ ನಾಲ್ಕು ವರ್ಷ ಚೆನ್ನಾಗಿಯೇ ಇರುತ್ತದೆ; ಆಮೇಲೆ ಸಳಿ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬಿನ ಕೆಳಗಿನ ಪದರ ಹೆಕ್ಕಳಿಕೆಯಾಗಿ ಉದುರುತ್ತದೆ.

ಟ್ಯಾಂಕರ್ ಎಷ್ಟು ಬೇಕು? 1,200 ಚದರ ಅಡಿ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಲು 5,600 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 10 ಮಿ.ಮೀ. ಆರಿದರೆ 1,100 ಲೀಟರ್. ಹದಿನಾಲ್ಕು ದಿನಕ್ಕೆ 15,000. ಸ್ಲ್ಯಾಬ್ ಒಂದಕ್ಕೇ 5,000 ಲೀಟರಿನ ನಾಲ್ಕು ಟ್ಯಾಂಕರ್ ದಾಟುತ್ತದೆ. ಗೋಡೆ, ಗಿಲಾಯ (ಪ್ಲಾಸ್ಟರ್), ಗ್ಯಾರೇಜಿನ ನೆಲ ಬೇರೆ. ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ ತೇವ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಹದಿನಾಲ್ಕು ಹಿಡಿಯಿರಿ.

ಹೊಸ ಬೋರು ಹೊಡೆಸುವವರು ಅಡಿಗಿಷ್ಟು ಎಂಬ ದರ ಕೇಳಿ ಸುಮ್ಮನಾಗಬೇಡಿ. ಕೇಸಿಂಗ್ ಪೈಪಿನ ದರ ಬೇರೆ, ಮೇಲಿನ ಮಣ್ಣಿನ ಪದರ ದಪ್ಪ ಇದ್ದಷ್ಟೂ ಕೇಸಿಂಗ್ ಉದ್ದ.

6. ಕರೆಂಟು

ಹೊಲದಲ್ಲಿ ಪಂಪ್‌ಸೆಟ್ಟಿನ ಕನೆಕ್ಷನ್ ಇದೆಯಲ್ಲ, ಅದರಿಂದಲೇ ವೆಲ್ಡಿಂಗ್ ನಡೆಸೋಣ ಎನ್ನುವ ಯೋಚನೆ ಬಿಡಿ. ವಿದ್ಯುತ್ ಕಾಯ್ದೆ 2003ರ 126ನೇ ಕಲಮಿನ ಪ್ರಕಾರ ಒಂದು ಉದ್ದೇಶದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ ಎರಡು ಪಟ್ಟು ದರ. ಯಾವಾಗಿನಿಂದ ಬಳಸಿದ್ದು ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಬಿಲ್ಲು. ಮನೆಯ ಮೀಟರಿಗೆ ಗ್ಯಾರೇಜು ಜೋಡಿಸುವುದೂ ಲಾಭವಲ್ಲ. ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಗ್ರೈಂಡರ್, ಕಂಪ್ರೆಸರ್ ಓಡಿ ಅದು ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಗ್ಯಾರೇಜಿಗೆ ಬೇರೆ ಮೀಟರ್, ಬೇರೆ ಅರ್ಜಿ, ಬೇರೆ ಠೇವಣಿ. ಕಟ್ಟುವ ಅವಧಿಯ ತಾತ್ಕಾಲಿಕ ಕನೆಕ್ಷನ್ನಿನ ದರವೂ ಮನೆಯ ದರಕ್ಕಿಂತ ಹೆಚ್ಚು.

ಹೆಸ್ಕಾಂ ಕಂಬ ದೂರ ಇದ್ದರೆ ಕಂಬ, ತಂತಿ, ಮೇಲ್ವಿಚಾರಣೆ ಶುಲ್ಕ ಎಲ್ಲ ಬರುತ್ತದೆ. ಪ್ಲಾನ್ ಬರೆಸುವ ಮೊದಲೇ ಸೆಕ್ಷನ್ ಆಫೀಸಿನಿಂದ ಒಬ್ಬರನ್ನು ಕರೆಸಿ ಸ್ಥಳ ತೋರಿಸಿ. ಮನೆಯನ್ನು ಐವತ್ತು ಮೀಟರ್ ಈಚೆ ಸರಿಸಿದರೆ ಒಂದು ಕಂಬ ಉಳಿಯಬಹುದು.

ಮೀಟರಿನಿಂದ ಗ್ಯಾರೇಜಿನವರೆಗಿನ ಕೇಬಲ್ಲಿನಲ್ಲಿ ಉಳಿಸಲು ಹೋಗಿ ಹೆಚ್ಚು ಜನ ಕೈ ಸುಟ್ಟುಕೊಳ್ಳುತ್ತಾರೆ. 200 ಮೀಟರ್ ದೂರ, 20 ಆ್ಯಂಪಿಯರ್ ಎಳೆತ, ಸಿಂಗಲ್ ಫೇಜ್, ಅಲ್ಯೂಮಿನಿಯಂ ಕೇಬಲ್ ಹಿಡಿದು ನೋಡಿ:

- 10 ಚದರ ಮಿ.ಮೀ.: 25 ವೋಲ್ಟ್ ಇಳಿತ
- 16 ಚದರ ಮಿ.ಮೀ.: 15 ವೋಲ್ಟ್
- 25 ಚದರ ಮಿ.ಮೀ.: 10 ವೋಲ್ಟ್

ಹಳ್ಳಿಯ ಲೈನಿನಲ್ಲಿ ಸಂಜೆ ಹೊತ್ತು ಬರುವುದೇ 200 ವೋಲ್ಟ್ ಆದರೆ ಮೊದಲ ಕೇಬಲ್ಲಿನಲ್ಲಿ ಯಂತ್ರಕ್ಕೆ ಸಿಗುವುದು 175. ರಾಡು ಅಂಟುತ್ತದೆ, ಮೋಟಾರು ಗುಂಯ್ಗುಡುತ್ತ ನಿಲ್ಲುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. 200 ಆ್ಯಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷೀನು ಪೂರ್ತಿ ಹಚ್ಚಿದಾಗ ಎಳೆಯುವುದು 30 ಆ್ಯಂಪಿಯರ್ ಹತ್ತಿರ. ಮೇಲಿನ ಇಳಿತವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ. 3 ಎಚ್‌ಪಿ ತ್ರೀಫೇಜ್ ಕಂಪ್ರೆಸರ್ ಓಡುವಾಗ ಐದು ಆ್ಯಂಪಿಯರ್ ಸಾಕು, ಹೊರಡುವಾಗ ಅದರ ಆರು ಪಟ್ಟು ಕೇಳುತ್ತದೆ. ದೂರ ಕಡಿಮೆ ಮಾಡುವುದೇ ಸುಲಭದ ಮದ್ದು: ಗ್ಯಾರೇಜನ್ನು ಕಂಬದ ಕಡೆ ಇಟ್ಟು ಮನೆಯನ್ನು ಆಚೆ ಇಡಿ. ಸದ್ದೂ ದೂರವಾಗುತ್ತದೆ.

ಅರ್ಥಿಂಗ್ ಗುಂಡಿ ಮನೆಗೊಂದು, ಗ್ಯಾರೇಜಿಗೆ ಎರಡು. ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಒಳ್ಳೆಯದೇ, ಬೇಸಿಗೆಯಲ್ಲಿ ಪೈಪಿನಿಂದ ದೂರ ಸರಿದು ಬಿರುಕು ಬಿಡುತ್ತದೆ. ಪೈಪಿಗೆ ಆಲಿಕೆ ಇಟ್ಟು ಮಾರ್ಚಿನಿಂದ ಮೇ ತನಕ ವಾರಕ್ಕೆ ಎರಡು ಬಿಂದಿಗೆ ನೀರು ಹಾಕಿ. ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್ಲಿನ ಪ್ಲಗ್ಗುಗಳಿಗೆ 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಬೇಕೇ ಬೇಕು.

7. ಗ್ಯಾರೇಜು ಮನೆಯ ಕೋಣೆಯಲ್ಲ

ನೆಲ. ಮನೆಯೊಳಗೆ ಮೂರು ನಾಲ್ಕು ಇಂಚು ಕಾಂಕ್ರೀಟಿನ ಮೇಲೆ ಫರಸಿ ಹಾಸಿದರೆ ನಡೆಯುತ್ತದೆ. ಎರಡು ಟನ್ನಿನ ಟ್ರ್ಯಾಕ್ಟರನ್ನು ಜ್ಯಾಕಿನ ಮೇಲೆ ಎತ್ತುವ ಜಾಗಕ್ಕೆ ಬಡಿದ ಗರಸಿನ ಮೇಲೆ ಆರು ಇಂಚು ಎಂ20 ದರ್ಜೆಯ ಕಾಂಕ್ರೀಟ್ ಬೇಕು. 600 ಚದರ ಅಡಿಗೆ 8.5 ಘನ ಮೀಟರ್, 68 ಚೀಲ ಸಿಮೆಂಟ್. ಹಾಕಿದ 24 ತಾಸಿನೊಳಗೆ ಮೂರು ಮೀಟರಿಗೊಂದರಂತೆ ಒಂದೂವರೆ ಇಂಚು ಆಳದ ಗೆರೆ ಕತ್ತರಿಸಿ. ಬಿರುಕು ಹೇಗೂ ಬರುತ್ತದೆ. ಗೆರೆ ಇದ್ದರೆ ಗೆರೆಯಲ್ಲಿ ಬರುತ್ತದೆ.

ಪಿಟ್. 12 ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಆಳ ಸಾಕು. ಇಟ್ಟಿಗೆಯಲ್ಲಿ ಕಟ್ಟಿದರೆ ಎರೆ ಉಬ್ಬಿ ಎರಡೂ ಬದಿಯಿಂದ ಒತ್ತಿ ನಡುವೆ ಹೊಟ್ಟೆ ಬರಿಸುತ್ತದೆ. ಆರು ಇಂಚಿನ ಕಾಂಕ್ರೀಟ್ ಗೋಡೆ, ಎರಡು ಮುಖಕ್ಕೂ ಸಳಿ, ಹಿಂದೆ ಒಂದಡಿ ಗರಸು. ಮೂಲೆಯಲ್ಲಿ ಒಂದು ಚಿಕ್ಕ ಕುಣಿ ಬಿಟ್ಟರೆ ಸೇರಿದ ನೀರು ಎತ್ತಬಹುದು. ಪೆಟ್ರೋಲ್ ಆವಿ, ಅಡುಗೆ ಗ್ಯಾಸು ಗಾಳಿಗಿಂತ ಭಾರ, ಪಿಟ್ಟಿನಲ್ಲೇ ಕೂರುತ್ತವೆ. ಒಳಗೆ ಪ್ಲಗ್ ಪಾಯಿಂಟ್ ಇಡಬೇಡಿ. ಇಷ್ಟೆಲ್ಲ ಖರ್ಚು ನೋಡಿದರೆ, ವಾರಕ್ಕೊಂದು ಗಾಡಿ ಬರುವ ಗ್ಯಾರೇಜಿಗೆ ಪಿಟ್ ಬೇಡವೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಎರಡು ಕಬ್ಬಿಣದ ರ‍್ಯಾಂಪು ಮಾಡಿಸಿಕೊಳ್ಳಿ.

ಛಾವಣಿ. ಮುಂಗಾರಿಗೆ ಮೊದಲಿನ ಗಾಳಿಗೆ ಪತ್ರಾಸು ಹಾರಿದ ಸುದ್ದಿ ಪ್ರತಿ ಮೇ ತಿಂಗಳಲ್ಲಿ ಬರುತ್ತದೆ. ಕಾರಣ ತೂಕದಲ್ಲಿದೆ. ಅರ್ಧ ಮಿ.ಮೀ. ತಗಡು ಚದರ ಮೀಟರಿಗೆ ಐದು ಕೆ.ಜಿ. ಒಳಗೆ. ಗಾಳಿ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದರೆ ಒತ್ತಡ ಚದರ ಮೀಟರಿಗೆ 90 ಕೆ.ಜಿ. ದಾಟುತ್ತದೆ. 600 ಚದರ ಅಡಿ ಅಂದರೆ 56 ಚದರ ಮೀಟರ್; ಮೇಲೆತ್ತುವ ಬಲ ಐದು ಟನ್. ಎಂಟು ಕಾಲಿಗೆ ಹಂಚಿದರೆ ಕಾಲಿಗೆ ಆರುನೂರು ಕೆ.ಜಿ.ಗೂ ಹೆಚ್ಚು. ಎದುರು ಪೂರ್ತಿ ತೆರೆದು ಹಿಂದೆ ಮುಚ್ಚಿದ ಶೆಡ್ಡಿಗೆ ಇದು ಇನ್ನೂ ಜಾಸ್ತಿ, ಒಳಗೆ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಆದ್ದರಿಂದ ಪ್ರತಿ ಕಾಲಿನ ಬುಡದಲ್ಲಿ ಕನಿಷ್ಠ 0.3 ಘನ ಮೀಟರ್ ಕಾಂಕ್ರೀಟ್, ಅದರೊಳಗೆ ಬುಡ ಬಾಗಿಸಿದ 20 ಮಿ.ಮೀ. ಬೋಲ್ಟು ನಾಲ್ಕು, ಎರಡಡಿ ಇಳಿದಿರಬೇಕು. ನೆಲದ ಮೇಲೆ ಪ್ಲೇಟಿಟ್ಟು ಫಾಸ್ನರ್ ಹೊಡೆದರೆ ಸಾಲದು. ತಗಡಿಗೆ ಜೆ ಹುಕ್ಕಿನ ಬದಲು ರಬ್ಬರ್ ವಾಷರಿನ ಸ್ಕ್ರೂ, ಅಂಚಿನ ಎರಡು ಸಾಲಿಗೆ ಒತ್ತಾಗಿ.

ಶೆಡ್ಡಿನ ಕಾಲು ಮನೆಯ ಗೋಡೆಗೆ ತಾಗಬಾರದು. ಹಗುರ ಶೆಡ್ಡು, ಭಾರದ ಮನೆ ಎರಡೂ ಬೇರೆ ಬೇರೆ ಅಲುಗುತ್ತವೆ. ನಡುವೆ ಒಂದು ಇಂಚು ಸಂದು ಬಿಟ್ಟು ಮೇಲೆ ತಗಡಿನ ಮುಚ್ಚಳ ಹಾಕಿ.

ಶಟರ್. ಗಾಡಿ ತಂದು ಅಳೆಯಿರಿ, ಅದೂ ಮೇಲ್ಚಪ್ಪರ ಹಾಕಿದ ಟ್ರ್ಯಾಕ್ಟರಿಗೆ. ಶಟರಿನ ಸುರುಳಿಯೇ ಮೇಲೆ ಒಂದೂವರೆ ಅಡಿ ತಿನ್ನುತ್ತದೆ. ಹತ್ತಡಿ ತೆರಪು ಬೇಕಿದ್ದರೆ ಬೀಮು ಹನ್ನೊಂದೂವರೆಗೆ. ಒಂದೂವರೆ ಅಡಿ ಪ್ಲಿಂತಿಗೆ ರ‍್ಯಾಂಪು ಹನ್ನೆರಡರಿಂದ ಹದಿನೈದು ಅಡಿ ಉದ್ದ ಬೇಕು. ಪ್ಲಾನಿನಲ್ಲಿ ಇದಕ್ಕೆ ಜಾಗ ಬಿಡದೆ ಆಮೇಲೆ ಐದಡಿಯಲ್ಲಿ ಮುಗಿಸಿದರೆ ರೂಟರಿನ ಹಲ್ಲು ನೆಲಕ್ಕೆ ತಾಗುತ್ತದೆ.

ಬಣವಿಯಿಂದ, ಕಣಕಿಯಿಂದ ಗ್ಯಾರೇಜು ದೂರ ಇರಲಿ, ಅದೂ ಗಾಳಿ ಬೀಸುವ ದಿಕ್ಕು ನೋಡಿ. ಗ್ರೈಂಡರಿನ ಕಿಡಿ ಹತ್ತು ಮೀಟರ್ ಹಾರುವುದು ದೊಡ್ಡ ಮಾತಲ್ಲ.

8. ಸಂಡಾಸಿನ ಗುಂಡಿ

ಎರೆ ನೀರನ್ನು ಬೇಗ ಕೆಳಕ್ಕೆ ಇಂಗಲು ಬಿಡುವುದಿಲ್ಲ. ಸೋಕ್‌ಪಿಟ್ (ನೀರು ಇಂಗುವ ಗುಂಡಿ) ಎರೆಯಲ್ಲೇ ನಿಂತರೆ ಮಳೆಗಾಲದಲ್ಲಿ ತುಂಬಿ ಸಂಡಾಸು ಹಿಂದಕ್ಕೆ ಉಕ್ಕುತ್ತದೆ. ಗರಸು ಮುಟ್ಟುವ ತನಕ ಇಳಿಸಿ; ಪರೀಕ್ಷೆ ಗುಂಡಿಯ ಅಳತೆ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಬೋರಿನಿಂದ ಕನಿಷ್ಠ 50 ಅಡಿ ದೂರ. ಗ್ಯಾರೇಜಿನ ಎಣ್ಣೆ ತೊಳೆದ ನೀರನ್ನು ಇದಕ್ಕೆ ಬಿಟ್ಟರೆ ಒಳಗಿನ ಕೊಳೆಸುವ ಜೀವಾಣು ಸಾಯುತ್ತವೆ. ಎಣ್ಣೆ ತೇಲಿ ನಿಲ್ಲುವಂತೆ ಮೂರು ಖಾನೆಯ ಚಿಕ್ಕ ತೊಟ್ಟಿ ಕಟ್ಟಿ, ಹಳೆ ಆಯಿಲ್ಲನ್ನು ಬೇರೆ ಡ್ರಮ್ಮಿನಲ್ಲಿ ಇಡಿ.

9. ಕರಾರು, ಆಳು, ಹಂಗಾಮು

ಇಬ್ಬರು ಗುತ್ತಿಗೆದಾರರ ದರ ಹೋಲಿಸುವ ಮೊದಲು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಅಗೆತ ಎಷ್ಟು ಅಡಿಯ ತನಕ ಸೇರಿದೆ, ಅದರ ಮೇಲಿನ ಪ್ರತಿ ಅಡಿಗೆ ಏನು ದರ, ಭರಾವ ಯಾರದು, ನೀರು ಯಾರದು, ಸೆಂಟ್ರಿಂಗ್ ಸೇರಿದೆಯೋ, ಜಿಎಸ್‌ಟಿ ಒಳಗೋ ಹೊರಗೋ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಎಸ್ಟಿಮೇಟ್ ಕೈಯಲ್ಲಿದ್ದರೆ ತಿದ್ದಿಸಿ.

ಪಾಯದ ಕೆಲಸ ಜೂನ್ ಮೊದಲೇ ನೆಲದಿಂದ ಮೇಲೆ ಬರಬೇಕು, ಇಲ್ಲವೆ ದೀಪಾವಳಿ ಆದ ಮೇಲೆ ಶುರುವಾಗಬೇಕು. ವಿಜಯಪುರದ ಕಡೆ ಸೆಪ್ಟೆಂಬರಿನಲ್ಲೇ ಜೋರು ಮಳೆ. ತೆರೆದ ಗುಂಡಿಗೆ ನೀರು ನಿಂತು ಬುಡ ಮೆತ್ತಗಾದರೆ ಮತ್ತೆ ಅರ್ಧ ಅಡಿ ಕೆತ್ತಿಸಬೇಕು, ಅದೂ ಕೂಲಿಯೇ. ದೀಪಾವಳಿಯ ನಂತರ ಕಬ್ಬಿನ ಹಂಗಾಮು, ತೊಗರಿ ರಾಶಿ ಎರಡೂ ಆಳು ಎಳೆದುಕೊಳ್ಳುತ್ತವೆ. ಆಗ ಪಗಾರ ಏರುತ್ತದೆ, ಸಂತಿ ದಿನದ ಮರುದಿನ ಅರ್ಧ ಗ್ಯಾಂಗು ಬರುವುದಿಲ್ಲ.

10. ಮನೆ ಮುಗಿದ ಮೇಲಿನ ಒಂದು ಸುತ್ತು

ಗುತ್ತಿಗೆದಾರ ಕೆಲಸ ಮುಗಿಸಿ ಹೋದ ಮೇಲೆ ಉಳಿಯುವುದು ಕಟ್ಟಡದ ಸುತ್ತಲಿನ ಹಾಸು. ಗೋಡೆಯಿಂದ ಐದಾರು ಅಡಿ ಅಗಲ, ಹೊರಕ್ಕೆ ಇಳಿಜಾರು, ಕೆಳಗೆ ಗರಸು, ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಪಾಯದ ಪಕ್ಕದ ಮಣ್ಣು ಮಳೆಗಾಲದಲ್ಲಿ ನೆನೆಯದೆ, ಬೇಸಿಗೆಯಲ್ಲಿ ಒಣಗದೆ ಒಂದೇ ಹದದಲ್ಲಿ ಇರಬೇಕಾದರೆ ಇದು ಬೇಕು. 30×40ರ ಮನೆಯ ಸುತ್ತ ಐದಡಿ ಹಾಸಿಗೆ 800 ಚದರ ಅಡಿ, ಏಳೂವರೆ ಘನ ಮೀಟರ್ ಕಾಂಕ್ರೀಟ್. ಬರೀ ಫರಸಿ ಹಾಸಿದರೆ ಸಂದಿಯಿಂದ ನೀರು ಇಳಿದು ಉಪಯೋಗವಿಲ್ಲ. ಮಾಳಿಗೆಯ ಪೈಪಿನ ನೀರು ಈ ಹಾಸು ದಾಟಿಯೇ ಬೀಳಬೇಕು. ನೆರಳಿಗೆ ಬೇವು ಹಚ್ಚುವವರು ಗೋಡೆಯಿಂದ ಇಪ್ಪತ್ತೈದು ಅಡಿ ಆಚೆ ಹಚ್ಚಲಿ. ಬೇಸಿಗೆಯಲ್ಲಿ ಅದರ ಬೇರು ಪಾಯದ ಕೆಳಗಿನ ತೇವ ಹೀರಿದರೆ ಆ ಮೂಲೆಯೊಂದೇ ಕೂರುತ್ತದೆ.